ಐದಾರು ಜನರ ದುಡ್ಡು ಒಂದೇ ನಿಧಿಗೆ ಬಂದರೆ ತೀರ್ಮಾನ ಯಾರದ್ದು?

ಪ್ರಶ್ನೆ: ನಾವು ಕಾಸರಗೋಡು ಪೇಟೆಯವರು. ನಮ್ಮ ವಾರ್ಡಿನಲ್ಲಿ ಮಳೆಗಾಲಕ್ಕೆ ಚರಂಡಿ ಉಕ್ಕುತ್ತದೆ, ಬೇಸಿಗೆಗೆ ನೀರಿಲ್ಲ, ಮಕ್ಕಳಿಗೆ ಸಂಜೆ ಕೂತು ಓದಲು ಜಾಗವಿಲ್ಲ. ಗಲ್ಫಿನಲ್ಲಿರುವ ನಮ್ಮೂರವರ ಬಳಗ, ಎರಡು ಟ್ರಸ್ಟ್, ಒಂದು ಕಂಪನಿ ಪ್ರತಿ ವರ್ಷ ಬೇರೆ ಬೇರೆಯಾಗಿ ಏನಾದರೂ ಕೊಡುತ್ತಾ ಬಂದಿವೆ. ಈಗ ಎಲ್ಲರೂ ಸೇರಿ ಒಂದೇ ನಿಧಿ ಮಾಡಿ ಹತ್ತು ವರ್ಷ ನಡೆಸೋಣ ಅಂತಿದ್ದಾರೆ. ಖರ್ಚು ಯಾವುದಕ್ಕೆ ಅನ್ನುವುದನ್ನು ವಾರ್ಡಿನವರೇ ಹೇಳಬೇಕು ಅಂತ ನಮ್ಮಾಸೆ. ಹೊಸ ಟ್ರಸ್ಟ್ ರಿಜಿಸ್ಟರ್ ಮಾಡಬೇಕಾ? ಎಲ್ಲಿಂದ ಶುರು ಮಾಡುವುದು?

ಉತ್ತರ: ಟ್ರಸ್ಟಿನ ಮಾತು ಆಮೇಲೆ. ಮೊದಲು ದುಡ್ಡು ಕೊಡುವವರನ್ನೆಲ್ಲ ಒಟ್ಟಿಗೆ ಕೂರಿಸಿ ಒಂದು ಪ್ರಶ್ನೆ ಕೇಳಿ. ವಾರ್ಡಿನವರು ನಿಮಗೆ ಹಿಡಿಸದ ಕೆಲಸವನ್ನು ಆರಿಸಿದರೂ ಕೊಡುತ್ತೀರಾ? ನೀವು ಓದುವ ಕೋಣೆ ಅಂದುಕೊಂಡಿದ್ದೀರಿ, ಅವರು ಚರಂಡಿ ಅಂದರು. ಆಗ ಏನು? ಇದಕ್ಕೆ ಹೌದು ಅನ್ನದವರು ಬೇರೆಯಾಗಿಯೇ ಕೊಡಲಿ, ತಪ್ಪೇನಿಲ್ಲ. ಅವರನ್ನು ಬಲವಂತದಿಂದ ಸೇರಿಸಿಕೊಂಡರೆ ಎರಡನೇ ವರ್ಷಕ್ಕೇ ಜಗಳ.

ಅಮೆರಿಕದ ಬಾಸ್ಟನ್ ನಗರದ ಡಡ್ಲಿ ಸ್ಟ್ರೀಟ್‌ನಲ್ಲಿ 1984ರ ಹೊತ್ತಿಗೆ ಹೀಗೇ ಆಯಿತು. ಒಂದು ಪ್ರತಿಷ್ಠಾನ ಮತ್ತು ಅಲ್ಲಿನ ಸಂಸ್ಥೆಗಳು ಸೇರಿ ಆ ಬಡ ಕೇರಿಯನ್ನು ಸುಧಾರಿಸುವ ಯೋಜನೆ ಹಾಕಿದವು. ಆಡಳಿತ ಮಂಡಳಿಯಲ್ಲಿ ಕೇರಿಯವರಿಗೆ ಕೆಲವೇ ಸ್ಥಾನ. ಸಭೆ ಕರೆದಾಗ ಜನ ತಕರಾರು ತೆಗೆದರು. ಕೊನೆಗೆ ಮಂಡಳಿಯಲ್ಲಿ ನಿವಾಸಿಗಳದ್ದೇ ಬಹುಮತ ಆಯಿತು, ದುಡ್ಡು ಕೊಡುವವರು ಒಪ್ಪಿಕೊಂಡರು. 1988ರಲ್ಲಿ ನಗರಾಡಳಿತ ಅಲ್ಲಿನ ಖಾಲಿ ಜಾಗವನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನೇ ಈ ಸಂಘಕ್ಕೆ ಕೊಟ್ಟಿತು. ಇಂಗ್ಲೆಂಡಿನ ‘ಬಿಗ್ ಲೋಕಲ್’ ಯೋಜನೆಯೂ ಇದೇ ದಾರಿ ಹಿಡಿಯಿತು. ಲಾಟರಿ ದುಡ್ಡಿನಿಂದ 150 ಊರು-ಕೇರಿಗಳಿಗೆ ತಲಾ 10 ಲಕ್ಷ ಪೌಂಡಿಗೆ ಕಡಿಮೆಯಿಲ್ಲದಷ್ಟು ಕೊಟ್ಟರು. ಖರ್ಚಿಗೆ ಕನಿಷ್ಠ ಹತ್ತು ವರ್ಷ ಸಮಯ. ಮಾರ್ಚ್ 31ರೊಳಗೆ ಮುಗಿಸಿ ಬಿಲ್ಲು ಕೊಡಿ ಅನ್ನುವ ಗಡಿಬಿಡಿ ಇರಲಿಲ್ಲ.

ವರ್ಷವರ್ಷದ ದುಡ್ಡಿನ ಪಾಡು ನಮಗೆ ಗೊತ್ತಿಲ್ಲದ್ದಲ್ಲ. ನಮ್ಮ ಪೇಟೆಗೆ ನೀರು ಬರುವ ಬಾವಿಕ್ಕರದಲ್ಲಿ ಹೊಳೆಗೆ ಉಪ್ಪು ನೀರು ಏರದಂತೆ ಪ್ರತಿ ಬೇಸಿಗೆಗೂ ಮರಳು ಚೀಲದ ತಾತ್ಕಾಲಿಕ ಕಟ್ಟ ಕಟ್ಟುತ್ತಿದ್ದರು, ಮಳೆ ಬಂದರೆ ಅದು ಹೋಗುತ್ತಿತ್ತು. ಉಪ್ಪು ನೀರು ತಡೆಯುವ ಶಾಶ್ವತ ಕಟ್ಟ, ಅಂದರೆ ರೆಗ್ಯುಲೇಟರ್, ಬರಲು ಎಷ್ಟು ವರ್ಷ ಕಾದೆವು ಅನ್ನುವುದು ಪೇಟೆಯ ನಳ್ಳಿ ನೀರು ಕುಡಿದವರಿಗೆ ನೆನಪಿರಬಹುದು.

ಇನ್ನು ಕಾನೂನು. ಹೊಸ ಟ್ರಸ್ಟ್ ಈಗ ಬೇಡ. ಕಂಪನಿಯ ಸಿಎಸ್‌ಆರ್ ದುಡ್ಡನ್ನು (ಸಮಾಜದ ಕೆಲಸಕ್ಕೆ ಅಂತ ಕಾನೂನಿನಂತೆ ತೆಗೆದಿಡುವ ಹಣ) ಹೊರಗಿನ ಸಂಸ್ಥೆ ಪಡೆಯಬೇಕಾದರೆ 12ಎ, 80ಜಿ ಅನ್ನುವ ಆದಾಯ ತೆರಿಗೆ ನೋಂದಣಿ ಬೇಕು, ಆ ದುಡ್ಡು ಪಡೆಯಲು ಸರಕಾರ ಕೊಡುವ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಬೇಕು, ಜೊತೆಗೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ನಿನ್ನೆ ಹುಟ್ಟಿದ ಟ್ರಸ್ಟಿಗೆ ಅದು ಸಿಗುವುದಿಲ್ಲ. ನಿಮ್ಮ ಎರಡು ಟ್ರಸ್ಟುಗಳಲ್ಲಿ ಲೆಕ್ಕಪತ್ರ ಸರಿಯಿರುವ ಒಂದರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಲೆಕ್ಕ ಪುಸ್ತಕ ಇಟ್ಟು ಶುರು ಮಾಡಿ. ಯಾರ ಹಣ ಎಲ್ಲಿಗೆ ಹೋಯಿತು ಅಂತ ತೋರಿಸಲು ಬರಬೇಕು. ಹಲವು ಕಂಪನಿಗಳು ಸೇರಿ ಒಂದು ಕೆಲಸ ಮಾಡಬಹುದು, ಆದರೆ ವರದಿ ಬೇರೆ ಬೇರೆ ಕೊಡಬೇಕು. ಸಿಎಸ್‌ಆರ್ ಲೆಕ್ಕದಲ್ಲಿ ಹಲವು ವರ್ಷ ನಡೆಯುವ ‘ನಿರಂತರ ಯೋಜನೆ’ ಅಂತ ತೋರಿಸಿದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷವೇ ಮಿತಿ. ಹಾಗಾಗಿ ಕಂಪನಿ ಹತ್ತು ವರ್ಷದ ಮಾತು ಕೊಟ್ಟರೂ ನಡುವೆ ಹೊಸದಾಗಿ ಮಂಜೂರು ಮಾಡಿಸಬೇಕಾಗುತ್ತದೆ.

ಗಲ್ಫಿನವರ ವಿಷಯದಲ್ಲಿ ಸ್ವಲ್ಪ ಜಾಸ್ತಿ ಜಾಗ್ರತೆ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬಳಗ ಅಲ್ಲಿಯೇ ರಿಜಿಸ್ಟರ್ ಆಗಿದ್ದು ಅದರ ಖಾತೆಯಿಂದ ಬಂದರೆ ವಿದೇಶಿ ದೇಣಿಗೆ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೂ ಅಷ್ಟೇ. ಅದಕ್ಕೆ ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಪ್ರಕಾರ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗೂ ಇಲ್ಲ. ಒಬ್ಬೊಬ್ಬರೇ ಅವರವರ ಖಾತೆಯಿಂದ ಕಳಿಸಲಿ.

ತೀರ್ಮಾನ ಮಾಡುವವರನ್ನು ಹುಡುಕಲು ಜಾಸ್ತಿ ದೂರ ಹೋಗಬೇಕಿಲ್ಲ. ಕೇರಳ ಸರಕಾರದ ಕುಟುಂಬಶ್ರೀ ಯೋಜನೆಯ ಅಯಲ್‌ಕೂಟಗಳಿವೆ (ನೆರೆಹೊರೆಯ ಹೆಂಗಸರ ಉಳಿತಾಯ ಗುಂಪುಗಳು), ಅವುಗಳ ಮೇಲೆ ವಾರ್ಡಿಗೊಂದು ಒಕ್ಕೂಟ, ಎಡಿಎಸ್ ಇದೆ. ವಾರ ವಾರ ಉಳಿತಾಯದ ಲೆಕ್ಕ ಬರೆದು ಅಭ್ಯಾಸವಿರುವ ಹೆಂಗಸರು ಅವರು, ನಮ್ಮ ಅನೇಕ ಟ್ರಸ್ಟಿಗಳಿಗಿಂತ ಚೊಕ್ಕ. ಆದರೆ ಅಲ್ಲಿಗೇ ನಿಲ್ಲಬೇಡಿ. ಬಾಡಿಗೆ ಮನೆಯವರು, ಕಡಪ್ಪುರದ ಮೀನುಗಾರರು, ಹೊರ ರಾಜ್ಯದ ಕೆಲಸದವರು ಯಾವ ಕೂಟದಲ್ಲೂ ಇರದಿರಬಹುದು. ಇನ್ನೊಂದು ಮಾತು: ಸಭೆಯಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ ಏನು ಬಂದರೂ ನಡೆಯಲಿ, ನಡಾವಳಿ ಮಾತ್ರ ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ನೋಟೀಸು ಓದಲಾಗದವರು ಸಭೆಗೆ ಬರುವುದಿಲ್ಲ. ಇದನ್ನು ಕಾಸರಗೋಡಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾ?

ಮೊದಲ ವರ್ಷ ಕಟ್ಟಡ ಬೇಡ. ವಾರ್ಡಿನವರೇ ಆದ ಒಬ್ಬರನ್ನು ಸಂಬಳಕ್ಕೆ ಇಡಿ. ಮನೆ ಮನೆ ಸುತ್ತುವುದು, ಸಭೆ ಕರೆಯುವುದು, ನಗರಸಭೆಗೆ ಓಡಾಡುವುದು ಅವರ ಕೆಲಸ. ದಾನಿಗಳಿಗೆ ಸಂಬಳ ಅಂದರೆ ಮುಖ ಸಣ್ಣದಾಗುತ್ತದೆ, ಬಸ್ ತಂಗುದಾಣದ ಮೇಲೆ ಹೆಸರು ಬರೆಸಲು ಮಾತ್ರ ಸಾಲು ನಿಲ್ಲುತ್ತಾರೆ! ನಿಧಿಗೆ ಕೊಟ್ಟವರ ಹೆಸರಿನ ಬೋರ್ಡ್ ಎಲ್ಲೂ ಇರಬಾರದು ಅಂತ ಮೊದಲೇ ಬರೆದುಕೊಳ್ಳಿ. ಇನ್ನು ಚರಂಡಿ ಕಟ್ಟಿಸುವುದು ನಗರಸಭೆಯ ಕೆಲಸ. ನಿಮ್ಮ ನಿಧಿಯಿಂದ ಕಾಂಕ್ರೀಟ್ ಹಾಕಿಸಬೇಡಿ. ನೀರು ಎಲ್ಲಿ ನಿಲ್ಲುತ್ತದೆ ಅಂತ ನಕ್ಷೆ ಮಾಡಿಸಿ, ವಾರ್ಡ್ ಸಭೆಯಲ್ಲಿ ಇಟ್ಟು ಯೋಜನೆಗೆ ಸೇರಿಸಿ.

ಪ್ರಶ್ನೆ: ನಮ್ಮದು ಮಂಜೇಶ್ವರ ಕಡೆ. ಇಂಥದ್ದೇ ಸಮಿತಿಗೆ ಪಂಚಾಯತ್ ಮೆಂಬರನ್ನೇ ಅಧ್ಯಕ್ಷರನ್ನಾಗಿ ಮಾಡಿದರೆ ಕೆಲಸ ಬೇಗ ಆಗುತ್ತದೆ ಅನ್ನುತ್ತಾರೆ. ಹೌದಾ?

ಉತ್ತರ: ಪ್ರತಿ ಸಭೆಗೂ ಕರೆಯಿರಿ, ಮಾತಾಡಲಿ. ಅಧ್ಯಕ್ಷಗಿರಿ ಬೇಡ, ಚೆಕ್ಕಿಗೆ ಸಹಿಯೂ ಬೇಡ. ಐದು ವರ್ಷಕ್ಕೊಮ್ಮೆ ಚುನಾವಣೆ, ಮೀಸಲಾತಿಯ ಸರದಿಯೂ ತಿರುಗುತ್ತದೆ. ಹತ್ತು ವರ್ಷದ ನಿಧಿ ಅಂದರೆ ನಡುವೆ ಒಂದು ಚುನಾವಣೆಯಾದರೂ ಬಂದೇ ಬರುತ್ತದೆ, ಆಗ ಸಹಿ ಬದಲಿಸಲು ಬ್ಯಾಂಕಿಗೆ ಅಲೆಯುವವರು ನೀವೇ.