‘ಸಾಕ್ಷಿ ಹೇಳಿ ಅಂತಾರೆ, ನನಗೆ ಪ್ರಾರ್ಥನೆಯೇ ಬರುತ್ತಿಲ್ಲ’

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ವಯಸ್ಸು 44, ಶಾಲಾ ಶಿಕ್ಷಕಿ. ನಮ್ಮದು ಅಜ್ಜನ ಕಾಲದಿಂದಲೂ ಕ್ರೈಸ್ತ ಕುಟುಂಬ. ಕಳೆದ ವರ್ಷ ಯಜಮಾನರು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಾಯಿಲೆ ಜೋರಾದಾಗ ಹೊರಗಿನಿಂದ ಬಂದ ಬೋಧಕರೊಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ‘ವಾಸಿಯಾಯಿತು ಅಂತ ನಂಬಿ, ಬಾಯಿಬಿಟ್ಟು ಹೇಳಿ’ ಎಂದರು. ನಾನು ಸಭೆಯ ಮುಂದೆ ನಿಂತು, ದೇವರು ವಾಸಿಮಾಡಿದರು ಅಂತ ಹಾಗೇ ಸಾಕ್ಷಿ ಹೇಳಿದೆ. ಮೂರು ವಾರಕ್ಕೆ ಯಜಮಾನರು ಹೋಗಿಬಿಟ್ಟರು. ಆಮೇಲೆ ಒಬ್ಬರು, ‘ಎಲ್ಲೋ ನಂಬಿಕೆ ಕಡಿಮೆಯಾಯಿತು’ ಎಂದರು. ಈಗ ದಿನಾ ರಾತ್ರಿ ಕುಟುಂಬ ಪ್ರಾರ್ಥನೆಯನ್ನು ನಾನೇ ನಡೆಸಬೇಕು, ಮೊದಲು ಅವರು ನಡೆಸುತ್ತಿದ್ದರು. ಅತ್ತೆ ಕಾದು ಕೂತಿರುತ್ತಾರೆ. ಬಾಯಿ ಹೇಳುತ್ತದೆ, ಒಳಗೆ ಏನೂ ಇಲ್ಲ. ಪಿಯುಸಿ ಓದುವ ಮಗಳು ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾಳೆ. ‘ಅಪ್ಪನ್ನ ಉಳಿಸದ ದೇವರಿಗೆ ಯಾಕೆ ಹಾಡಲಿ’ ಅಂತಾಳೆ. ಅವಳ ಮುಂದೆ ನಾನು ಅಳುವುದಿಲ್ಲ. ಬ್ಯಾಂಕು, ವಿಮೆ, ವಾರಸಾ ಕಾಗದಗಳಿಗೆ ಒಬ್ಬಳೇ ಓಡಾಡುತ್ತೇನೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ರೊಟ್ಟಿ ಬಡಿಯುವಾಗ ಇವತ್ತಿಗೂ ಅವರ ಪಾಲಿನ ಎರಡು ಹೆಚ್ಚಾಗುತ್ತವೆ. ಮುಂದಿನ ತಿಂಗಳು ವರ್ಷದ ಸ್ಮರಣೆಯ ಕೂಟ. ‘ದೇವರು ಹೇಗೆ ನಡೆಸಿದರು ಅಂತ ಸಾಕ್ಷಿ ಹೇಳಿ’ ಎಂದು ಸಭಾಪಾಲಕರು (ಪಾಸ್ಟರ್) ಕೇಳಿದ್ದಾರೆ. ಹೇಳಲಾ, ಬೇಡವಾ? ಒಳಗೆ ಖಾಲಿ ಇಟ್ಟುಕೊಂಡು ಮೇಲೆ ಪ್ರಾರ್ಥನೆ ಮಾಡುವುದು ಕಪಟ ಅಲ್ವಾ?

ಪ್ರಿಯ ಸಹೋದರಿ,

ನೀವು ಕೇಳಿದ್ದು ಎರಡು ಪ್ರಶ್ನೆ. ಕೇಳದೆ ಬಿಟ್ಟ ಮೂರನೆಯದೊಂದಿದೆ. ‘ಎಲ್ಲೋ ನಂಬಿಕೆ ಕಡಿಮೆಯಾಯಿತು’ ಅನ್ನುವ ಮಾತನ್ನು ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಆದರೆ ರಾತ್ರಿ ಮೂರಕ್ಕೆ ನಿಮ್ಮನ್ನು ಎಬ್ಬಿಸುವುದು ಅದೇ ಇರಬೇಕು. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ಇಲ್ಲ. ನಿಮ್ಮ ನಂಬಿಕೆ ಸಾಲದೆ ಅವರು ಸಾಯಲಿಲ್ಲ. ಕ್ಯಾನ್ಸರ್‌ನಿಂದ ಸತ್ತರು. ಲಿವರಿನ ಕ್ಯಾನ್ಸರ್ ಬಹಳ ಜನರಲ್ಲಿ ಕೈಮೀರಿದ ಮೇಲೇ ಗೊತ್ತಾಗುತ್ತದೆ. ನೀವು ಆಸ್ಪತ್ರೆಗೂ ಕರೆದುಕೊಂಡು ಹೋದಿರಿ, ಮೊಣಕಾಲೂರಿ ಬೇಡಿಕೊಂಡಿರಿ. ಒಬ್ಬ ಹೆಂಡತಿ ಮಾಡಬಹುದಾದದ್ದರಲ್ಲಿ ಏನನ್ನೂ ಬಾಕಿ ಉಳಿಸಿಲ್ಲ.

ಆ ಬೋಧಕರ ಮಾತಿನ ಬಗ್ಗೆ ನನಗೆ ಸಿಟ್ಟು ಇದೆ, ಮುಚ್ಚಿಡುವುದಿಲ್ಲ. ವಾಸಿಯಾದರೆ ಹೆಸರು ಪ್ರಾರ್ಥಿಸಿದವರಿಗೆ, ಆಗದಿದ್ದರೆ ತಪ್ಪು ಮನೆಯವರ ತಲೆಗೆ. ಇದು ಸತ್ಯವೇದದ (ಬೈಬಲಿನ) ಬೋಧನೆ ಅಲ್ಲ. ಅಪೊಸ್ತಲ ಪೌಲನನ್ನೇ ನೋಡಿ. ಎಫೆಸದಲ್ಲಿ ಅವನ ಮೈಗೆ ತಾಗಿದ ಬಟ್ಟೆ ತಂದು ಹಾಕಿದರೆ ರೋಗಿಗಳು ವಾಸಿಯಾಗುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಅದೇ ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಜೊತೆಗಾರ ತ್ರೊಫಿಮನಿಗೆ ಮೈ ಸರಿಯಿಲ್ಲದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಅನ್ನುತ್ತಾನೆ. ಅಷ್ಟೇ, ಒಂದೇ ಸಾಲು. ತ್ರೊಫಿಮನ ನಂಬಿಕೆ ಕಡಿಮೆ ಇತ್ತು ಅಂತ ಪೌಲ ಹೇಳುವುದಿಲ್ಲ. ಮೊದಲನೆಯ ಪತ್ರದಲ್ಲಿ ತಿಮೊಥೆಯ ಹೊಟ್ಟೆಯ ತೊಂದರೆಗೂ, ಪದೇ ಪದೇ ಬರುವ ಕಾಯಿಲೆಗೂ ಮನೆಮದ್ದಿನ ಹಾಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅನ್ನುತ್ತಾನೆ. ತನ್ನ ಸ್ವಂತ ಮೈಯಲ್ಲಿ ಚುಚ್ಚುತ್ತಿದ್ದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ, ದೂರಮಾಡು ಅಂತ ಯೇಸು ಬೇಡಿಕೊಂಡ ಸಂಕಟದ ಪಾತ್ರೆಯೂ ಹಾಗೇ, ದೂರವಾಗಲಿಲ್ಲ. ದೇವರ ಮಗನಿಗೆ ನಂಬಿಕೆ ಸಾಲಲಿಲ್ಲ ಅನ್ನುವ ಧೈರ್ಯ ಯಾರಿಗಿದೆ?

ಹಾಗಾದರೆ ನಿಮ್ಮ ಯಜಮಾನರು ಯಾಕೆ ವಾಸಿಯಾಗಲಿಲ್ಲ? ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ಇದೆ ಅನ್ನುವವರ ಮಾತು ಕೇಳಲು ಹೋಗಬೇಡಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳತೊಡಗಿದರು ನೋಡಿ, ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಅವರ ಮೇಲೆ. ಕೂಗಾಡಿದ, ವಾದ ಹಾಕಿದ, ಹುಟ್ಟಿದ ದಿನವನ್ನೇ ಶಪಿಸಿದ ಯೋಬನೇ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ ಎಂದು ದೇವರು ಹೇಳಿದರು.

ಈಗ ಸಾಕ್ಷಿಯ ವಿಷಯ. ಇಲ್ಲದ ಸಮಾಧಾನವನ್ನು ಇದೆ ಅಂತ ಹೇಳಬೇಡಿ. ಒಮ್ಮೆ ಒಬ್ಬರ ಒತ್ತಾಯಕ್ಕೆ, ಆಗದೇ ಇದ್ದದ್ದನ್ನು ಆಯಿತು ಅಂತ ಸಭೆಯ ಮುಂದೆ ಹೇಳಿದಿರಿ. ಅದರ ಭಾರ ಇನ್ನೂ ಇಳಿದಿಲ್ಲ. ಅದು ನಿಮ್ಮ ಪಾಪ ಅಲ್ಲ, ನೀರಲ್ಲಿ ಮುಳುಗುವವರು ಸಿಕ್ಕಿದ ಹಗ್ಗ ಹಿಡಿದ ಹಾಗೆ ಹಿಡಿದಿರಿ. ಆದರೆ ಎರಡನೆಯ ಸಲ ಅದೇ ಜಾಗದಲ್ಲಿ ನಿಂತು ‘ಎಲ್ಲದರಲ್ಲೂ ಜಯ ಕೊಟ್ಟರು’ ಅಂದರೆ ಮನೆಗೆ ಬಂದು ನೀವು ಇನ್ನಷ್ಟು ಒಡೆದುಹೋಗುತ್ತೀರಿ. ಮಗಳು ಆ ಕೂಟಕ್ಕೆ ಬಂದಿದ್ದರಂತೂ ಅವಳಿಗೆ ನಿಮ್ಮ ಮಾತು ನಿಜ ಅಲ್ಲ ಅಂತ ಆ ಕ್ಷಣವೇ ಗೊತ್ತಾಗುತ್ತದೆ.

ಸಾಕ್ಷಿಯ ಬದಲು ಸತ್ಯವೇದದ ಒಂದು ಕೀರ್ತನೆ ಓದುತ್ತೇನೆ ಅಂತ ಸಭಾಪಾಲಕರಿಗೆ ಹೇಳಿ. 88ನೆಯದು. ಸಾಮಾನ್ಯವಾಗಿ ಅದನ್ನು ಯಾರೂ ಕೂಟದಲ್ಲಿ ಆರಿಸಿಕೊಳ್ಳುವುದಿಲ್ಲ. ದುಃಖದ ಬೇರೆ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗುತ್ತವೆ. 13ನೆಯದು ಎಷ್ಟರವರೆಗೆ, ಎಷ್ಟರವರೆಗೆ ಅಂತ ಕೇಳುತ್ತಾ ಶುರುವಾಗಿ ಆರನೆಯ ವಚನಕ್ಕೆ ಹಾಡಾಗುತ್ತದೆ. 88 ಹಾಗೆ ತಿರುಗುವುದಿಲ್ಲ. ಹಗಲೂ ರಾತ್ರಿ ಕೂಗುತ್ತೇನೆ, ಯಾಕೆ ಮುಖ ಮರೆಸಿಕೊಂಡಿದ್ದೀ, ನನ್ನ ಪ್ರೀತಿಯವರನ್ನೆಲ್ಲ ದೂರ ಮಾಡಿದ್ದೀ ಅನ್ನುತ್ತಾ ಹೋಗಿ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಇದು ದೇವಾಲಯದ ಗಾಯಕರಾದ ಕೋರಹನ ವಂಶದವರ ಕೀರ್ತನೆ. ಅಂದರೆ ಯಾರೋ ಒಬ್ಬರು ಮೂಲೆಯಲ್ಲಿ ಕೂತು ಗುಟ್ಟಾಗಿ ಅತ್ತದ್ದಲ್ಲ, ದೇವರ ಜನ ಸೇರಿ ಹಾಡಿದ್ದು. ಮುಂದೆ ಯಾರೂ ಇದಕ್ಕೆ ಒಂದು ಒಳ್ಳೆಯ ಕೊನೆ ಸೇರಿಸಲಿಲ್ಲ, ಪುಸ್ತಕದಿಂದ ತೆಗೆದೂ ಹಾಕಲಿಲ್ಲ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೀಗೆ ದೂರು, ಅಳಲು, ಮೊರೆ. ನಮ್ಮ ಸಭೆಗಳಲ್ಲಿ ಈ ಪಾಲನ್ನು ಓದುವುದು ತೀರಾ ಕಡಿಮೆ. ಅದರ ಕಷ್ಟ ನಿಮ್ಮಂಥವರಿಗೆ ತಟ್ಟುತ್ತದೆ.

ಅದನ್ನು ಓದಿ ಕೂತುಬಿಡಿ, ವಿವರಣೆ ಬೇಕಿಲ್ಲ. ಅಷ್ಟೂ ಆಗದಿದ್ದರೆ ಬೇರೆ ಯಾರಾದರೂ ಓದಲಿ, ನೀವು ಬೆಂಚಿನಲ್ಲೇ ಕೂತಿರಿ. ‘ವಿಶ್ವಾಸಿಗಳು ಹೀಗೆ ದುಃಖಪಡಬಾರದು’ ಅಂತ ಯಾರಾದರೂ ಪೌಲ ಥೆಸಲೋನಿಕದವರಿಗೆ ಬರೆದ ಪತ್ರ ತೆಗೆದರೆ, ಆ ವಚನವನ್ನು ಪೂರ್ತಿ ಓದಲು ಹೇಳಿ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತಿದೆ ಅಲ್ಲಿ. ಅಳಬೇಡಿ ಅಂತಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸತ್ತ ಲಾಜರನನ್ನು ಬದುಕಿಸಿ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅತ್ತರು.

ಪ್ರಾರ್ಥನೆ ಕಪಟವಾ ಅಂತ ಕೇಳಿದ್ದೀರಿ. ಜನ ನೋಡಲಿ ಅಂತ ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಿದವರನ್ನು ಯೇಸು ಕಪಟಿಗಳು ಅಂದರು. ದಿನವೆಲ್ಲ ಶಾಲೆಯಲ್ಲಿ ದುಡಿದು ಬಂದು, ವಯಸ್ಸಾದ ಅತ್ತೆ ಕಾಯುತ್ತಾರಲ್ಲ ಅಂತ ಸತ್ಯವೇದ ತೆಗೆದು ಕೂರುವವಳನ್ನು ಅಲ್ಲ. ಬಾಯಿಗೆ ಬಂದದ್ದು ಎದೆಗೆ ಇಳಿಯದಿದ್ದರೆ ಅದು ಸುಳ್ಳಾಗುವುದಿಲ್ಲ. ನಿಮಗೆ ಸುಸ್ತಾಗಿದೆ.

ಆದರೆ ಸ್ವಂತ ಮಾತಿನಲ್ಲಿ ಉದ್ದುದ್ದ ಪ್ರಾರ್ಥನೆ ಕಟ್ಟುವುದನ್ನು ಸದ್ಯಕ್ಕೆ ನಿಲ್ಲಿಸಿ. ಕರ್ತನು ಕಲಿಸಿದ ಪ್ರಾರ್ಥನೆ, ಒಂದು ಕೀರ್ತನೆ, ಸಾಕು. ಕಪೆರ್ನೌಮಿನಲ್ಲಿ ಚಾವಣಿ ಬಿಚ್ಚಿ ಒಬ್ಬ ಪಾರ್ಶ್ವವಾಯು ರೋಗಿಯನ್ನು ಇಳಿಸಿದರಲ್ಲ, ಆ ನಾಲ್ವರನ್ನು ನೆನಪು ಮಾಡಿಕೊಳ್ಳಿ. ವಾಸಿಯಾಗುವ ಮೊದಲು ಹಾಸಿಗೆಯಲ್ಲಿದ್ದವನು ಬಾಯಿ ಬಿಟ್ಟ ಅಂತ ಎಲ್ಲೂ ಬರೆದಿಲ್ಲ. ಹೊತ್ತು ತಂದವರ ನಂಬಿಕೆಯನ್ನು ಯೇಸು ನೋಡಿದರು ಅಂತಿದೆ. ಇಷ್ಟು ವರ್ಷ ನೀವು ಬೇರೆಯವರನ್ನು ಹೊತ್ತಿರಿ. ಈಗ ಹಾಸಿಗೆಯಲ್ಲಿ ಮಲಗಿರುವುದು ನೀವು. ಹೊರುವ ಕೆಲಸ ಬೇರೆಯವರು ಮಾಡಲಿ.

ಮನೆಯಲ್ಲಿ ಹೊರಬಲ್ಲವರು ಯಾರು ಅಂದರೆ, ನನ್ನ ಕಣ್ಣು ನಿಮ್ಮ ಅತ್ತೆಯ ಕಡೆಗೇ ಹೋಗುತ್ತದೆ. ನಿಮ್ಮ ಪತ್ರದಲ್ಲಿ ಅವರು ‘ಕಾದು ಕೂತಿರುತ್ತಾರೆ’, ಅಷ್ಟೇ. ಆದರೆ ಅವರು ಮಗನನ್ನು ಕಳೆದುಕೊಂಡ ತಾಯಿ. ಆ ಹೊತ್ತಿನಲ್ಲಿ ಮಗನ ಧ್ವನಿ ಕೇಳುತ್ತಿದ್ದ ಕಿವಿ ಅದು. ನೀವಿಬ್ಬರೂ ಒಬ್ಬರಿಗೊಬ್ಬರು ಧೈರ್ಯ ತೋರಿಸುತ್ತಾ ಇದ್ದೀರಿ ಅಂತ ನನಗೆ ಅನ್ನಿಸುತ್ತದೆ. ‘ಇವತ್ತು ನೀವು ಪ್ರಾರ್ಥನೆ ಮಾಡಿ ಅತ್ತೆ, ನನಗೆ ಬರುತ್ತಿಲ್ಲ’ ಅಂತ ನೇರವಾಗಿ ಹೇಳಿ. ಅವರಿಗೆ ಓದಲು ಕಣ್ಣು ಸಾಲದಿದ್ದರೆ ಬಾಯಿಪಾಠ ಇರುವ ಒಂದು ಗೀತೆ ಹಾಡಲಿ. ಅವರೂ ಅತ್ತುಬಿಟ್ಟರೆ ಅವತ್ತಿನ ಪ್ರಾರ್ಥನೆ ಅದೇ.

ಹೆಚ್ಚಾಗುವ ಆ ಎರಡು ರೊಟ್ಟಿಗಾಗಿ ನಿಮ್ಮನ್ನು ಬೈದುಕೊಳ್ಳಬೇಡಿ. ಕೈಗೆ ಇಷ್ಟು ವರ್ಷದ ಲೆಕ್ಕ ಒಗ್ಗಿದೆ, ಅದು ಅಷ್ಟು ಬೇಗ ಮರೆಯುವುದಿಲ್ಲ. ಬೆಳಗ್ಗೆ ಅದಕ್ಕೆ ಮೊಸರು, ಶೇಂಗಾ ಚಟ್ನಿ ಹಚ್ಚಿಕೊಂಡು ಅತ್ತೆಯ ಜೊತೆ ಕೂತು ತಿನ್ನಿ. ಯಾರ ಪಾಲು ಅಂತ ಅವರಿಗೂ ಗೊತ್ತಿರುತ್ತದೆ. ಪ್ರವಾದಿ ಎಲೀಯ ಸಾಕಾಗಿಹೋಗಿ, ನನ್ನ ಪ್ರಾಣ ತೆಗೆದುಬಿಡು ಅಂತ ಅಡವಿಯಲ್ಲಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಏಳು, ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಬಂದು ಅದನ್ನೇ ಹೇಳಿದ. ದೇವರ ಸಣ್ಣ ಸ್ವರ ಕೇಳಿದ್ದು ಅದಾಗಿ ನಲವತ್ತು ದಿನ ನಡೆದ ಮೇಲೆ. ಸದ್ಯ ನಿಮ್ಮ ಆತ್ಮಿಕ ಬೆಳವಣಿಗೆ ಏನು ಅಂತ ನನ್ನನ್ನು ಕೇಳಿದರೆ, ಹೊತ್ತಿಗೆ ಸರಿಯಾಗಿ ಉಣ್ಣುವುದು, ಸುಳ್ಳು ಹೇಳದೆ ಇರುವುದು, ತರಗತಿಯ ಮಕ್ಕಳ ಮೇಲೆ ಸಿಟ್ಟು ತೀರಿಸಿಕೊಳ್ಳದೆ ಇರುವುದು. ಇದೇನೂ ಕಡಿಮೆ ಅಲ್ಲ.

ನಿದ್ದೆಯ ವಿಷಯ ಮಾತ್ರ ಮುಂದೆ ಹಾಕಬೇಡಿ. ವರ್ಷವಾಗುತ್ತಾ ಬಂದರೂ ನಡುರಾತ್ರಿ ಎಚ್ಚರ, ಒಳಗೆಲ್ಲ ಖಾಲಿ ಅಂದರೆ ವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ನಿಮಗೆ ಧಾರವಾಡ ದೂರವಲ್ಲ, ಅಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿ ಮೂರಕ್ಕೂ ಎತ್ತುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಮಾಡಿ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅನ್ನುವವರಿಗೆ ತಿಮೊಥೆಯ ಹೊಟ್ಟೆನೋವು ನೆನಪಿಸಿ.

ಮಗಳಿಗೆ ಚರ್ಚಿಗೆ ಬಾ ಅಂತ ಒತ್ತಾಯ ಮಾಡಬೇಡಿ. ಅವಳು ಕೇಳಿದ ಪ್ರಶ್ನೆ ಲಾಜರನ ಅಕ್ಕಂದಿರಾದ ಮಾರ್ಥಳದ್ದೂ ಹೌದು, ಮರಿಯಳದ್ದೂ ಹೌದು. ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಇಬ್ಬರೂ ಯೇಸುವಿನ ಮುಖಕ್ಕೇ ಹೇಳಿದರು. ಯೇಸು ಬಾಯಿ ಮುಚ್ಚಿ ಅನ್ನಲಿಲ್ಲ. ನಿಮ್ಮ ಮಗಳಿಗೆ ದೇವರ ಮೇಲೆ ಸಿಟ್ಟಿದೆ. ಅದರ ಜೊತೆಗೆ, ಅಮ್ಮನಿಗೆ ಏನೂ ಆಗಿಲ್ಲವೇನೋ ಅನ್ನುವ ಅನುಮಾನವೂ ಇರಬಹುದು. ನೀವು ಅವಳ ಮುಂದೆ ಅಳುವುದಿಲ್ಲವಲ್ಲ. ‘ನನಗೂ ಪ್ರಾರ್ಥನೆ ಬರುತ್ತಿಲ್ಲ ಕಣೇ, ನನಗೂ ಕೋಪ ಇದೆ, ಆದರೂ ಬಿಡಲು ಮನಸ್ಸಿಲ್ಲ’ ಅಂತ ಅವಳಿಗೆ ಹೇಳಿ ನೋಡಿ. ಹದಿನೇಳರ ಹುಡುಗಿಗೆ ಗಟ್ಟಿ ಅಮ್ಮನಿಗಿಂತ ನಿಜ ಹೇಳುವ ಅಮ್ಮ ಜಾಸ್ತಿ ಬೇಕು.

ಕೊನೆಗೆ ಸಭೆಯ ಬಗ್ಗೆ. ನಿಮ್ಮಿಂದ ಸಾಕ್ಷಿ ಕೇಳುವ ಸಭೆಯಿಂದ ನೀವೂ ಒಂದು ಕೇಳಿ. ಯೆರೂಸಲೇಮಿನ ಮೊದಲ ಸಭೆಯಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ತಲುಪುತ್ತಿಲ್ಲ ಅಂತ ದೂರು ಬಂದಾಗ, ಅಪೊಸ್ತಲರು ಪ್ರಾರ್ಥಿಸಿ ಸುಮ್ಮನಾಗಲಿಲ್ಲ. ಅದಕ್ಕೆಂದೇ ಏಳು ಜನರನ್ನು ಆರಿಸಲು ಸಭೆಗೆ ಹೇಳಿ, ಅವರನ್ನು ನೇಮಿಸಿದರು. ನಿಮ್ಮ ಸಭೆಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನಿವೃತ್ತ ಗುಮಾಸ್ತರು, ವಕೀಲರು ಯಾರಾದರೂ ಇದ್ದೇ ಇರುತ್ತಾರೆ. ಕಚೇರಿಗೆ ನಿಮ್ಮ ಜೊತೆ ಒಬ್ಬರು ಬರಲಿ.

ಕೂಟ ಮುಂದಿನ ತಿಂಗಳು ಅಂದಿದ್ದೀರಿ. ಕೊನೆಯ ವಾರದವರೆಗೆ ಕಾಯದೆ ಸಭಾಪಾಲಕರನ್ನು ಈ ಭಾನುವಾರವೇ ಕಾಣಿ. ಸಾಕ್ಷಿ ಹೇಳುವುದಿಲ್ಲ, 88ನೆಯ ಕೀರ್ತನೆ ಓದುತ್ತೇನೆ, ವಾರಸಾ ಕಾಗದಕ್ಕೆ ಒಬ್ಬರು ಜೊತೆಗೆ ಬೇಕು, ಈ ಮೂರೂ ಹೇಳಿ. ಎದುರು ಮಾತಾಡಲು ಕಷ್ಟವಾದರೆ ಚೀಟಿಯಲ್ಲಿ ಬರೆದು ಕೊಡಿ. ಅವರು ಏನೆಂದರು ಅಂತ ನನಗೂ ಒಂದು ಸಾಲು ತಿಳಿಸಿ.