ವಿಮೆ ಹಣಕ್ಕಾಗಿ ಬೆಂಕಿ: ತಡೆ ಎಲ್ಲಿಂದ ಶುರುವಾಗಬೇಕು?
ವಿಮೆ ಹಣಕ್ಕಾಗಿ ತಾವೇ ಬೆಂಕಿ ಹಚ್ಚುವವರನ್ನು ತಡೆಯಲು ಕಂಪನಿಗಳು, ಸರ್ಕಾರ ಏನು ಮಾಡಬಹುದು ಅಂತ ಕೇಳಿದ್ದೀರಿ. ಮೊದಲ ಎಡವಟ್ಟು ಪಾಲಿಸಿ ಕೊಡುವಾಗಲೇ ಆಗುತ್ತದೆ. ಕಟ್ಟಡದ ಬೆಲೆಗಿಂತ ಜಾಸ್ತಿ ಮೊತ್ತಕ್ಕೆ ವಿಮೆ ಕೊಟ್ಟರೆ ಸುಟ್ಟರೇ ಲಾಭ, ಅಲ್ವಾ? ಸುಮ್ನೆ ಫೋಟೊ ನೋಡಿ ಒಪ್ಪದೆ ಜಾಗಕ್ಕೇ ಹೋಗಿ ನೋಡಬೇಕು.

ಬೆಂಕಿ ಆರಿದ ಮೇಲೆ ತಡ ಮಾಡಬಾರದು. ಪೆಟ್ರೋಲ್ ಬೇಗ ಆವಿಯಾಗುತ್ತದೆ. ಅದಕ್ಕೇ ತನಿಖೆಯವರು ಸುಟ್ಟ ಕಾರ್ಪೆಟ್ ಚೂರನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಲ್ಯಾಬಿಗೆ ಕಳಿಸುತ್ತಾರೆ.

ಇನ್ನು ಕಾನೂನು. ಅನುಮಾನ ಬಂದರೂ ಮಾನನಷ್ಟ ಕೇಸಿಗೆ ಹೆದರಿ ಕಂಪನಿಗಳು ಬಾಯಿ ಬಿಡದೇ ಇರಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ, ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟ ಕಂಪನಿಗೆ ಇಂಥ ಕೇಸಿನಿಂದ ರಕ್ಷಣೆ ಇದೆ. ಶಿಕ್ಷೆ ಹೆಚ್ಚಿಸುವುದಕ್ಕಿಂತ ಇದೇ ಮುಖ್ಯ ಅನ್ನಿಸುತ್ತದೆ. ಹಾಗಂತ ಅನುಮಾನದ ನೆಪದಲ್ಲಿ ನಿಜವಾಗಿ ಮನೆ ಕಳೆದುಕೊಂಡವರನ್ನು ತಿಂಗಳುಗಟ್ಟಲೆ ಅಲೆಸಬಾರದು. ತನಿಖೆಗೂ ಒಂದು ಗಡುವು ಇರಲಿ.