ರ್‍ಯಾಂಪ್ ಕಟ್ಟಿಸಿದ್ದೇವೆ, ಇನ್ನೇನು ಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದವು. ಶಾಲೆಯವರು, ಕಲ್ಯಾಣ ಮಂಟಪದವರು, ಅಪಾರ್ಟ್‌ಮೆಂಟ್ ಸಂಘದವರು ಗಾಲಿಕುರ್ಚಿ ಹತ್ತಲು ಕಟ್ಟಿಸಿದ ಇಳಿಜಾರು ದಾರಿಯ, ಅಂದರೆ ತಮ್ಮ ತಮ್ಮ ರ್‍ಯಾಂಪಿನ ಫೋಟೊ ಕಳಿಸಿ ‘ಸರಿಯಿದೆಯೇ’ ಎಂದು ಕೇಳಿದ್ದಾರೆ. ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಜನರಿಗೆ ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಇಪ್ಪತ್ತು ವರ್ಷಗಳಿಂದ ಅಳತೆ ಟೇಪು ಹಿಡಿದು ಇದೇ ಮಾತು ಹೇಳುತ್ತಾ ಬಂದಿದ್ದೇನೆ. ಈಗ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ, ಉಳಿದವರು ತಮ್ಮ ಕಟ್ಟಡಕ್ಕೆ ಅನ್ವಯಿಸಿಕೊಳ್ಳಲಿ. ಅಂಗವಿಕಲರ ಗುರುತಿನ ಚೀಟಿ ಎಲ್ಲಿ ಮಾಡಿಸಬೇಕು, ಮಾಸಾಶನ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ತಿಳಿಯುತ್ತದೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕ. ಏಳನೇ ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮುತುವರ್ಜಿ ವಹಿಸಿ 8 ಅಡಿ ಉದ್ದದ ರ್‍ಯಾಂಪ್ ಕಟ್ಟಿಸಿದ್ದಾರೆ. ವಿಶೇಷ ಅಗತ್ಯವುಳ್ಳ ಮಕ್ಕಳ ಶೌಚಾಲಯವೂ ಇದೆ. ಆದರೂ ಹುಡುಗಿ ವಾರಕ್ಕೆ ಎರಡು ಮೂರು ದಿನ ಬರುವುದೇ ಇಲ್ಲ. ಬಂದ ದಿನವೂ ಮಧ್ಯಾಹ್ನ ಮನೆಗೆ ಹೊರಡುತ್ತಾಳೆ. ಪೋಷಕರಿಗೇ ಆಸಕ್ತಿ ಇಲ್ಲ ಎನ್ನಿಸುತ್ತದೆ. ಒಬ್ಬಳಿಗಾಗಿ ಇನ್ನೆಷ್ಟು ಖರ್ಚು ಮಾಡಬೇಕು?

ಉತ್ತರ: ಸರ್, ಪೋಷಕರ ಆಸಕ್ತಿಯ ಮಾತು ಸದ್ಯಕ್ಕೆ ಬೇಡ. ನೀವು ರ್‍ಯಾಂಪಿನ ಉದ್ದ ಬರೆದಿದ್ದೀರಿ, ವರಾಂಡದ ಎತ್ತರ ಬರೆದಿಲ್ಲ. ನಿಮ್ಮ ಫೋಟೊದಲ್ಲಿ ನಾಲ್ಕು ಮೆಟ್ಟಿಲು ಕಾಣುತ್ತವೆ. ಮೆಟ್ಟಿಲಿಗೆ 6 ಇಂಚು ಎಂದು ಹಿಡಿದರೂ 2 ಅಡಿ ಆಯಿತು. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು. ನಿಮ್ಮ ವರಾಂಡಕ್ಕೆ 24 ಅಡಿ ಬೇಕಿತ್ತು, 8 ಅಡಿ ಕಟ್ಟಿದ್ದೀರಿ. ಅಂದರೆ 1:4.

ಇದರ ವ್ಯತ್ಯಾಸ ತೋಳಿಗೆ ಗೊತ್ತಾಗುತ್ತದೆ. ಹುಡುಗಿ 30 ಕೆ.ಜಿ., ಕುರ್ಚಿ 15 ಕೆ.ಜಿ. ಎಂದುಕೊಳ್ಳಿ. 1:12ರಲ್ಲಿ ಅವಳು ತನ್ನನ್ನು ತಾನು ಮೇಲೆ ತಳ್ಳಿಕೊಳ್ಳಬೇಕಾದ ಭಾರ 4 ಕೆ.ಜಿ.ಗೂ ಕಡಿಮೆ. 1:4ರಲ್ಲಿ ಸುಮಾರು 11 ಕೆ.ಜಿ. ಹನ್ನೆರಡು ವರ್ಷದ ಮಗುವಿನ ಕೈಯಲ್ಲಿ ಅದು ಆಗದ ಕೆಲಸ. ಬೇರೆಯವರು ತಳ್ಳುತ್ತಾರೆ ಎಂದರೆ ಅಪಾಯ ಇನ್ನೂ ಹೆಚ್ಚು, ಕಡಿದಾದ ಇಳಿಜಾರಿನಲ್ಲಿ ಮುಂದಿನ ಗಾಲಿ ಎದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಒಂದು ಮದುವೆ ಮನೆಯಲ್ಲಿ ಹಾಗೆ ಮಗುಚಿಬಿದ್ದವರ ತಲೆಯ ಹಿಂಭಾಗ ಸಿಮೆಂಟಿಗೆ ಬಡಿದ ಸದ್ದು ನನಗೆ ಇಂದಿಗೂ ನೆನಪಿದೆ. ಅಂದಿನಿಂದ ಕಡಿದಾದ ರ್‍ಯಾಂಪ್ ಇರುವುದಕ್ಕಿಂತ ಇಲ್ಲದಿರುವುದೇ ಲೇಸು ಎಂದು ಹೇಳುತ್ತೇನೆ. ಇಲ್ಲದಿದ್ದರೆ ನಾಲ್ವರು ಸೇರಿ ಎಚ್ಚರದಿಂದ ಎತ್ತುತ್ತಾರೆ. ಇದ್ದರೆ ಒಬ್ಬರೇ ತಳ್ಳಲು ಹೋಗುತ್ತಾರೆ.

‘ಸ್ಕೂಟರ್ ಸಲೀಸಾಗಿ ಹತ್ತುತ್ತದಲ್ಲ’ ಎಂಬ ಮೇಸ್ತ್ರಿಯ ಮಾತನ್ನು ದಯವಿಟ್ಟು ನನಗೆ ಬರೆದು ಕಳಿಸಬೇಡಿ. ಸ್ಕೂಟರಿಗೆ ಎಂಜಿನ್ ಇದೆ. ಅದೇ ಮೇಸ್ತ್ರಿ ಜಾರದಿರಲಿ ಎಂದು ಅಡ್ಡಡ್ಡಲಾಗಿ ಆಳದ ಗೀರು ಎಳೆಯುತ್ತಾನೆ, ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಹಸಿ ಸಿಮೆಂಟಿನ ಮೇಲೆ ಪೊರಕೆ ಎಳೆದು ಒರಟು ಮಾಡಿದರೆ ಸಾಕು. ಅಂಗಳದಲ್ಲಿ ನೇರವಾಗಿ 24 ಅಡಿ ಸಿಗದಿದ್ದರೆ 12 ಅಡಿಗೆ ಒಂದು ತಿರುವು ಕೊಟ್ಟು ಮಡಚಿ. ತಿರುವಿನಲ್ಲಿಯೂ ಕೆಳಗೂ ಮೇಲೂ 5 ಅಡಿ ಸಮತಟ್ಟು ಜಾಗ ಇರಲಿ, ಕುರ್ಚಿ ನಿಂತು ತಿರುಗಬೇಕು. ಎರಡೂ ಬದಿಗೆ ಹಿಡಿಕಂಬಿ, ಅಂಚಿನಲ್ಲಿ ಗಾಲಿ ಜಾರದಂತೆ ಸಣ್ಣ ಕಟ್ಟೆ.

ಇನ್ನು ಶೌಚಾಲಯ. ನಿಮ್ಮ ಹುಡುಗಿ ಮಧ್ಯಾಹ್ನ ಏಕೆ ಹೊರಡುತ್ತಾಳೆ ಎಂಬುದಕ್ಕೆ ಉತ್ತರ ಬಹುತೇಕ ಇಲ್ಲಿದೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಶಾಲೆಯಲ್ಲಿ ಗಾಲಿಕುರ್ಚಿಯ ಹುಡುಗಿಯೊಬ್ಬಳ ಪಕ್ಕ ಇಡೀ ದಿನ ಕುಳಿತಿದ್ದೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಬಂದಾಗ ಲೋಟವನ್ನು ಸದ್ದಿಲ್ಲದೆ ಗೆಳತಿಯ ಕಡೆ ಸರಿಸಿದಳು. ಬಿಸಿಯೂಟದಲ್ಲಿ ಸಾಂಬಾರು ಬೇಡ ಎಂದು ಬರೀ ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡಳು. ಅಮ್ಮ ತುಂಬಿಸಿಕೊಟ್ಟ ನೀರಿನ ಬಾಟಲಿ ಸಂಜೆಯವರೆಗೂ ಕುತ್ತಿಗೆಮಟ್ಟ ತುಂಬಿಯೇ ಇತ್ತು. ಶೌಚಾಲಯಕ್ಕೆ ಹೋಗಲು ಆಗುವುದಿಲ್ಲ ಎಂದು ಗೊತ್ತಿದ್ದ ಮಗು ಬಾಯಾರಿಕೆಯನ್ನು ತಡೆದುಕೊಂಡು ಪಾಠ ಕೇಳುತ್ತಿತ್ತು. ಆ ಶಾಲೆಯ ‘ವಿಶೇಷ ಶೌಚಾಲಯ’ಕ್ಕೆ ಬೀಗ, ಕೀಲಿ ಕಚೇರಿಯ ಡ್ರಾಯರಿನಲ್ಲಿ. ತೆಗೆಸಿದರೆ ಒಳಗೆ ಪೊರಕೆ, ಮುರಿದ ಬೆಂಚು, ಸುಣ್ಣದ ಡಬ್ಬ. ಶಾಲೆಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವ ಯು-ಡೈಸ್ ನಮೂನೆಯಲ್ಲಿ ಮಾತ್ರ ‘ಇದೆ’ ಎಂದು ತುಂಬಿದ್ದರು.

ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂರುವ ಮಕ್ಕಳಿಗೆ ಮೂತ್ರನಾಳದ ಸೋಂಕು ಮತ್ತೆ ಮತ್ತೆ ಬರುತ್ತದೆ. ಬೆನ್ನುಹುರಿಯ ತೊಂದರೆ ಇದ್ದವರಲ್ಲಿ ಅದು ಮೂತ್ರಪಿಂಡದವರೆಗೂ ಹೋಗುತ್ತದೆ. ಅಂಥ ಕೆಲವು ಮಕ್ಕಳು ಮೂರು ನಾಲ್ಕು ಗಂಟೆಗೊಮ್ಮೆ ಕೊಳವೆ ಹಾಕಿ ಮೂತ್ರ ತೆಗೆಯಬೇಕು. ಅದಕ್ಕೆ ಚಿಲಕವಿರುವ, ಶುಚಿಯಾದ, ನೀರು ಬರುವ ಜಾಗ ಬೇಕು. ‘ಆಸಕ್ತಿ ಇಲ್ಲ’ ಎಂದು ನೀವು ಬರೆದ ಪೋಷಕರು ಮಗಳನ್ನು ಮಧ್ಯಾಹ್ನ ಕರೆದುಕೊಂಡು ಹೋಗುವುದು ಇದಕ್ಕಾಗಿಯೇ ಇರಬಹುದು. ಅವಳ ತಾಯಿಯನ್ನು ಕೂರಿಸಿಕೊಂಡು ಒಮ್ಮೆ ಕೇಳಿ. ನೀವೇ ಕೇಳಬೇಡಿ, ಶಿಕ್ಷಕಿಯೊಬ್ಬರು ಕೇಳಲಿ.

ನಾಳೆ ಟೇಪು ಹಿಡಿದು ಬಾಗಿಲು ಅಳೆಯಿರಿ. ಚೌಕಟ್ಟು, ಬಾಗಿಲ ದಪ್ಪ ಎಲ್ಲ ಕಳೆದು ನಿವ್ವಳ 3 ಅಡಿ ಸಿಗಬೇಕು. ಎರಡೂವರೆ ಅಡಿಯ ಬಾಗಿಲಿನಲ್ಲಿ ಕುರ್ಚಿ ತೂರಿದರೂ ಗಾಲಿ ಹಿಡಿದ ಬೆರಳು ಜಜ್ಜಿಹೋಗುತ್ತದೆ. ಬಾಗಿಲು ಹೊರಕ್ಕೆ ತೆರೆದುಕೊಳ್ಳಲಿ. ಒಳಕ್ಕೆ ತೆರೆಯುವ ಬಾಗಿಲಾದರೆ, ಮಗು ಒಳಗೆ ಬಿದ್ದಾಗ ಅವಳ ದೇಹವೇ ಅಡ್ಡವಾಗಿ ಯಾರೂ ಒಳಹೋಗಲಾಗುವುದಿಲ್ಲ. ನೀರು ಹೊರಬರಬಾರದೆಂದು ಕಟ್ಟಿದ ಎರಡು ಇಂಚಿನ ಹೊಸಿಲನ್ನು ಒಡೆಸಿ, ಅರ್ಧ ಇಂಚಿಗಿಂತ ಹೆಚ್ಚಿದ್ದರೆ ಅದು ಗೋಡೆಯೇ. ಕೋಣೆ ಸುಮಾರು ಆರೂವರೆ ಅಡಿಗೆ ಏಳೂಕಾಲು ಅಡಿ ಇರಬೇಕು. ಕಮೋಡ್, ಗಾಲಿಕುರ್ಚಿಯ ಆಸನದ ಎತ್ತರಕ್ಕೆ ಇರಲಿ, 18ರಿಂದ 19 ಇಂಚು. ಅದರ ಒಂದು ಪಕ್ಕದಲ್ಲಿ ಕುರ್ಚಿ ನಿಲ್ಲಿಸಿಕೊಂಡು ಸರಿಯಲು 3 ಅಡಿ ಖಾಲಿ. ನೆಲಮಟ್ಟದ ದೇಶಿ ಬೇಸಿನ್ ಹಾಕಿಸಿ ಮೇಲೆ ಗಾಲಿಕುರ್ಚಿಯ ಚಿತ್ರ ಬರೆಸಿದ ಶೌಚಾಲಯಗಳನ್ನು ಎಷ್ಟೋ ನೋಡಿದ್ದೇನೆ, ಅವು ಯಾರಿಗೂ ಆಗುವುದಿಲ್ಲ. ಹಿಡಿಕಂಬಿಗೆ ಟವೆಲ್ ಒಣಹಾಕುವ ತೆಳ್ಳನೆಯ ಸಲಾಕೆ ಹಾಕಿಸುವ ಗುತ್ತಿಗೆದಾರರ ಮೇಲೆ ನನಗೆ ತಡೆಯಲಾಗದ ಸಿಟ್ಟಿದೆ. ಆ ಕಂಬಿಯ ಮೇಲೆ ದೊಡ್ಡವರೊಬ್ಬರು ಪೂರ್ತಿ ಭಾರ ಬಿಟ್ಟು ಜೋತುಬೀಳಬೇಕು, ಅದು ಮಿಸುಕಬಾರದು. ಬಿಲ್ ಕೊಡುವ ಮೊದಲು ನೀವೇ ಜೋತುಬಿದ್ದು ನೋಡಿ.

ಅಷ್ಟೇ ಮುಖ್ಯವಾದದ್ದು ರ್‍ಯಾಂಪಿಗೂ ಶೌಚಾಲಯಕ್ಕೂ ನಡುವಿನ ದಾರಿ. ಗೇಟಿನಿಂದ ತರಗತಿ, ಅಲ್ಲಿಂದ ಶೌಚಾಲಯ, ನೀರಿನ ನಲ್ಲಿ, ಊಟದ ಜಾಗದವರೆಗೆ ಗಾಲಿ ಎಲ್ಲಿಯೂ ನಿಲ್ಲಬಾರದು. ನಡುವೆ ಹತ್ತು ಹೆಜ್ಜೆ ಮರಳಿದ್ದರೂ ನೀವು ಕಟ್ಟಿಸಿದ್ದೆಲ್ಲ ವ್ಯರ್ಥ. ಅವಳ ಜೊತೆಗೇ ಆ ದಾರಿಯಲ್ಲಿ ಒಮ್ಮೆ ಹೋಗಿ. ಎಲ್ಲಿ ಏನು ಬೇಕೆಂದು ಅವಳೇ ತೋರಿಸುತ್ತಾಳೆ. ನಿಮ್ಮ ತಾಲ್ಲೂಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಇದ್ದಾರೆ, ಅವರನ್ನೂ ಕರೆಯಿರಿ. ಹಣಕ್ಕೆ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇ 5ರ ಮೊತ್ತವಿದೆ. ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೇಳಿ.

‘ಒಬ್ಬಳಿಗಾಗಿ’ ಎಂದಿರಿ. ಚುನಾವಣೆಯ ದಿನ ನಿಮ್ಮ ಶಾಲೆಯೇ ಮತಗಟ್ಟೆಯಲ್ಲವೇ? ಊರಿನ ಅಜ್ಜ ಅಜ್ಜಿಯರು ಆ ನಾಲ್ಕು ಮೆಟ್ಟಿಲು ಹತ್ತುವುದನ್ನು ನೋಡಿರುತ್ತೀರಿ. ಅವಳೊಬ್ಬಳೇ ಆಗಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಎಂದಿದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. ಸುಗಮ್ಯತೆಯ ಮಾನದಂಡ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ.

ಪ್ರಶ್ನೆ: ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಪಾಠ ಸಾಕು ಎಂದು ಶಾಲೆಯವರು ಹೇಳಬಹುದೇ?

ಉತ್ತರ: ಇಲ್ಲ. ಮನೆ ಆಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಮಗುವಿನದು, ಶಾಲೆಯದಲ್ಲ.

ಪ್ರಶ್ನೆ: ಅಂಗವಿಕಲ, ವಿಕಲಚೇತನ, ದಿವ್ಯಾಂಗ, ಇವುಗಳಲ್ಲಿ ಯಾವ ಪದ ಸರಿ?

ಉತ್ತರ: ಅವರ ಹೆಸರು ಹಿಡಿದು ಕರೆಯಿರಿ.

ಪ್ರಶ್ನೆ: ನಮ್ಮ ಬಡಾವಣೆಯ ಫುಟ್‌ಪಾತಿನ ಹಳದಿ ಉಬ್ಬು ಟೈಲ್ಸ್ ನಡೆಯಲು ತೊಂದರೆ ಕೊಡುತ್ತವೆ. ತೆಗೆಸಬಹುದೇ?

ಉತ್ತರ: ತೆಗೆಸಬೇಡಿ. ಜಪಾನಿನ ಸೆಯಿಚಿ ಮಿಯಾಕೆ ಎಂಬುವರು ರೂಪಿಸಿದ ಈ ಟೈಲ್ಸ್ 1967ರಲ್ಲಿ ಒಕಾಯಾಮಾದಲ್ಲಿ ಮೊದಲು ನೆಲ ಸೇರಿದವು. ಉದ್ದ ಗೆರೆ ಎಂದರೆ ಮುಂದೆ ಹೋಗಿ, ಚುಕ್ಕೆ ಎಂದರೆ ನಿಲ್ಲಿ. ಕಣ್ಣು ಕಾಣದವರು ಇದನ್ನು ಕೋಲಿನಲ್ಲೂ ಅಂಗಾಲಿನಲ್ಲೂ ಓದುತ್ತಾರೆ. ನಿಮ್ಮ ಬಡಾವಣೆಯಲ್ಲಿ ಆ ಗೆರೆ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟುತ್ತದೆಯೇ ಎಂದು ನೋಡಿ. ಮುಟ್ಟುತ್ತಿದ್ದರೆ ಅದರ ಬಗ್ಗೆ ದೂರು ಕೊಡಿ.

ಪ್ರಶ್ನೆ: ಐದು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ. ಗಾಲಿಕುರ್ಚಿ ಕೊಟ್ಟರೆ ನಡೆಯುವುದನ್ನೇ ಕಲಿಯುವುದಿಲ್ಲ ಎಂದು ನೆಂಟರು ಹೆದರಿಸುತ್ತಾರೆ. ಎಣ್ಣೆ ತಿಕ್ಕಿ ಆರು ತಿಂಗಳಲ್ಲಿ ನಡೆಸುತ್ತೇನೆ ಎಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಮುಂಗಡ ಕೊಡಬೇಡಿ. ತೊಂದರೆ ಇರುವುದು ಮೆದುಳಿನಲ್ಲಿ, ಕಾಲಿಗೆ ತಿಕ್ಕಿದ ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ಓಡಾಡದ ಮಕ್ಕಳ ಮೂಳೆ ದುರ್ಬಲವಾಗಿರುತ್ತದೆ. ಬಲವಂತವಾಗಿ ಕಾಲು ಎಳೆದು ಮೂಳೆ ಮುರಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಗಾಲಿಕುರ್ಚಿಯಿಂದ ಯಾವ ಮಗುವೂ ನಡಿಗೆ ಮರೆತಿಲ್ಲ. ಥೆರಪಿ ನಡೆಯುತ್ತಿರಲಿ, ಜೊತೆಗೆ ಕುರ್ಚಿಯೂ ಇರಲಿ. ಅವನು ತಾನಾಗಿ ಅಡುಗೆಮನೆಗೆ, ಅಂಗಳಕ್ಕೆ, ಬೀದಿಯ ಮಕ್ಕಳ ಬಳಿಗೆ ಹೋಗಬೇಕಾದ ವಯಸ್ಸು ಇದೇ. ಆದರೆ ಆಸ್ಪತ್ರೆಯ ದೊಡ್ಡವರ ಕುರ್ಚಿ ಬೇಡ. ಅದರಲ್ಲಿ ಮಗು ಒಂದು ಬದಿಗೆ ವಾಲಿ ಬೆನ್ನು ಸೊಟ್ಟಗಾಗುತ್ತದೆ. ಸೊಂಟದ ಅಗಲಕ್ಕೆ ಒಂದಿಂಚು ಸೇರಿಸಿದಷ್ಟೇ ಆಸನ, ಪಾದ ಪೂರ್ತಿ ಊರುವ ಕಾಲುಹಲಗೆ, ಎದೆಪಟ್ಟಿ, ಒಳ್ಳೆಯ ಮೆತ್ತೆ ಇರಲಿ. ಅಳತೆ ತೆಗೆಯದೆ ಕೊಡುವ ಕುರ್ಚಿಯನ್ನು ಉಚಿತವಾಗಿ ಕೊಟ್ಟರೂ ತರಬೇಡಿ. ಆಗಾಗ ಮತ್ತೆ ಅಳೆಯಿಸಿ, ಮಗ ಬೆಳೆಯುತ್ತಿರುತ್ತಾನೆ.